ಕಿಟಕಿಯೊಳಗೆ ಇಣುಕುವವರು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆಯ ಹೊತ್ತು ಯಾವುದಾದರೂ ಕಾರು ತುಸು ನಿಧಾನವಾಯಿತೆಂದರೆ ಹಿಂದಿನವರು ಎರಡು ಕೆಲಸ ಮಾಡುತ್ತಾರೆ. ಮೊದಲು ಹಾರ್ನ್ ಒತ್ತುತ್ತಾರೆ. ಆಮೇಲೆ, ಜಾಗ ಸಿಕ್ಕಿ ಪಕ್ಕದಿಂದ ಮುಂದೆ ಹೋಗುವಾಗ, ಕತ್ತು ತಿರುಗಿಸಿ ಆ ಕಾರಿನ ಕಿಟಕಿಯೊಳಗೆ ಇಣುಕುತ್ತಾರೆ. ಒಳಗೆ ಹೆಂಗಸು ಕಂಡರೆ, ಊಹಿಸಿದ್ದೇ ನಿಜವಾಯಿತೆಂಬ ಸಮಾಧಾನ ಅವರ ಮುಖದಲ್ಲಿ ಮೂಡುತ್ತದೆ. ಗಂಡಸು ಕಂಡರೆ ಆ ಸಮಾಧಾನ ಸಿಗುವುದಿಲ್ಲವಾದ್ದರಿಂದ ಬೇರೆ ಕಾರಣ ಹುಡುಕಬೇಕಾಗುತ್ತದೆ: ಫೋನಿನಲ್ಲಿ ಮಾತಾಡುತ್ತಿರಬೇಕು, ಊರಿಗೆ ಹೊಸಬನಿರಬೇಕು, ಅಂಗಡಿಯ ಬೋರ್ಡ್ ಹುಡುಕುತ್ತಿರಬೇಕು, ಇಲ್ಲವೇ ಸ್ವಲ್ಪ ಹಾಕಿಕೊಂಡಿರಬೇಕು. ಹೀಗೆ ಗಂಡಸಿನ ತಪ್ಪು ಅವನೊಬ್ಬನ ಹೆಸರಿಗೆ ಮಾತ್ರ ಜಮೆಯಾಗುತ್ತದೆ, ಹೆಂಗಸಿನ ತಪ್ಪು ಊರಿನ ಎಲ್ಲ ಹೆಂಗಸರ ಖಾತೆಗೆ ಬೀಳುತ್ತದೆ. ಇಂಥ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟುಕೊಂಡು ಬಂದವರಿಗೆ ಹೆಂಗಸರು ಚೆನ್ನಾಗಿ ಗಾಡಿ ಓಡಿಸುವುದಿಲ್ಲ ಎಂಬುದು ತಾವೇ ಕಣ್ಣಾರೆ ಕಂಡ ಸತ್ಯವಾಗಿ ತೋರಿದರೆ ಆಶ್ಚರ್ಯವಿಲ್ಲ.

ನಾನು ಎಸ್.ಎಸ್. ಪುರಂನಿಂದ ಗುಬ್ಬಿಯ ಕಡೆಯ ಕಾಲೇಜೊಂದಕ್ಕೆ ಪಾಠ ಮಾಡಲು ಕಾರಿನಲ್ಲಿ ಹೋಗಿಬರುವವಳು. ಈ ಇಣುಕುನೋಟ ನನಗೆ ಅಭ್ಯಾಸವಾಗಿದೆ, ಅದರಿಂದ ಅವಮಾನವಾಯಿತೆಂದು ಹೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಾತು ಮಾತಾಗಿಯೇ ಉಳಿದಿದ್ದರೆ ಅದನ್ನು ಕೇಳಿ ಬಿಟ್ಟುಬಿಡಬಹುದಿತ್ತು. ನನ್ನ ತಕರಾರು ಇರುವುದು, ಈ ನಂಬಿಕೆ ಜನರ ಬಾಯಿಂದ ಕೈಗೂ ಕಾಲಿಗೂ ಇಳಿಯುತ್ತದೆ ಎಂಬ ಬಗ್ಗೆ. ಹೆಂಗಸು ತನ್ನನ್ನು ನೋಡುತ್ತಿರುವವರಿಗಾಗಿ ಗಾಡಿ ಓಡಿಸತೊಡಗುತ್ತಾಳೆ, ಗಂಡಸು ತಾನು ಹೆಂಗಸಿನಂತೆ ಕಾಣಬಾರದೆಂದು ಓಡಿಸತೊಡಗುತ್ತಾನೆ. ಇಬ್ಬರ ಗಮನವೂ ರಸ್ತೆಯ ಮೇಲೆ ಇರಬೇಕಾದಷ್ಟು ಇರುವುದಿಲ್ಲ.

ಇದು ಶುರುವಾಗುವುದು ಕಲಿಕೆಯಲ್ಲೇ. ನನ್ನ ಅಣ್ಣನ ಮಗಳು ಈಚೆಗೆ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾಳೆ. ಒಬ್ಬಳೇ ಹೋಗುವುದಕ್ಕೆ ಸಂಕೋಚವೆಂದು ಕೆಲವು ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರಿಂದ ಹಿಂದಿನ ಸೀಟಿನಲ್ಲಿ ಕುಳಿತು ಪಾಠ ಕೇಳುವ ಅವಕಾಶ ನನಗೂ ಸಿಕ್ಕಿತು. ಅದೇ ಕಾರಿನಲ್ಲಿ ಇವಳಿಗಿಂತ ಮೊದಲು ಒಬ್ಬ ಹುಡುಗ ಕಲಿಯುತ್ತಾನೆ. ಪಿಯುಸಿ ಮುಗಿಸಿರಬಹುದು, ಮೀಸೆ ಈಗಷ್ಟೇ ಬಂದಿದೆ. ಕಲಿಸುವವರು ಒಳ್ಳೆಯ ಮನುಷ್ಯರು, ವಯಸ್ಸಾದವರು, ಯಾರಿಗೂ ಕೆಟ್ಟ ಮಾತು ಆಡುವವರಲ್ಲ. ಆ ಹುಡುಗ ಹೆಗ್ಗೆರೆಯ ಕಡೆಯ ರಸ್ತೆಯಲ್ಲಿ ಎದುರಿನ ಲಾರಿಗೆ ಹೆದರಿ ವೇಗ ತಗ್ಗಿಸಿದಾಗ ಅವರು, ‘ಏನೋ ಅದು, ಹೆಣ್ಮಕ್ಕಳ ಥರ ಹೆದರ್ತೀಯಲ್ಲೋ, ತುಳಿಯೋ ಎಕ್ಸಿಲೇಟರು’ ಎಂದರು. ಹುಡುಗ ತುಳಿದ. ಲಾರಿ ಹಾದುಹೋಯಿತು, ಏನೂ ಆಗಲಿಲ್ಲ, ಅವನ ಕಿವಿ ಕೆಂಪಾಗಿದ್ದುದನ್ನು ಮಾತ್ರ ನಾನು ಹಿಂದಿನಿಂದ ಕಂಡೆ. ಅದಾದ ಸ್ವಲ್ಪ ಹೊತ್ತಿಗೆ ನಮ್ಮ ಹುಡುಗಿಯ ಸರದಿ. ಅವಳು ಅದೇ ರಸ್ತೆಯಲ್ಲಿ ಅವನಷ್ಟೇ ಮಟ್ಟಿಗೆ ಸರಿಯಾಗಿ ಓಡಿಸುತ್ತಿದ್ದಳು. ಆದರೂ ಪ್ರತಿ ತಿರುವಿನಲ್ಲಿ ಅವರ ಕೈ ಪಕ್ಕದಿಂದ ಬಂದು ಸ್ಟೀರಿಂಗ್ ಹಿಡಿಯುತ್ತಿತ್ತು. ‘ನಿಧಾನ ಮೇಡಂ, ನಿಧಾನ, ನಾನಿದ್ದೀನಿ ಬಿಡಿ’ ಎಂಬ ಮಾತು ನಿಲ್ಲಲೇ ಇಲ್ಲ. ಅವರ ಕಾಲ ಕೆಳಗೆ ಇನ್ನೊಂದು ಜೊತೆ ಕ್ಲಚ್ಚು, ಬ್ರೇಕು ಇರುತ್ತವಲ್ಲ, ಹುಡುಗನ ಪಾಠದಲ್ಲಿ ಅವುಗಳ ಮೇಲೆ ಪಾದ ಸುಮ್ಮನೆ ಒರಗಿತ್ತು, ಹುಡುಗಿಯ ಪಾಠದಲ್ಲಿ ಅದು ಒಂದೇ ಸಮನೆ ಕೆಲಸ ಮಾಡುತ್ತಿತ್ತು. ಗಾಡಿ ತಿರುಗಿದ್ದು ತನ್ನಿಂದಲೋ ಅವರಿಂದಲೋ ಎಂದು ಅವಳಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ.

ಒಬ್ಬನಿಗೆ ಹೆದರಿಕೆಯನ್ನು ನಾಚಿಕೆಯ ವಿಷಯವಾಗಿ ಕಲಿಸಿದ್ದಾಯಿತು, ಇನ್ನೊಬ್ಬಳಿಗೆ ಹೆದರಿಕೆಯನ್ನೇ ಸಹಜ ಸ್ಥಿತಿಯಾಗಿ ಕಲಿಸಿದ್ದಾಯಿತು. ಎದುರಿನಿಂದ ಲಾರಿ ಬರುವಾಗ ವೇಗ ತಗ್ಗಿಸಿದ ಹುಡುಗ ಮಾಡಿದ್ದು ತಪ್ಪಲ್ಲ, ಅವನ ಆ ಬೆಳಗಿನ ಅತ್ಯುತ್ತಮ ತೀರ್ಮಾನ ಅದೇ ಆಗಿತ್ತು. ಕಾರಿನಿಂದ ಇಳಿದ ಮೇಲೆ ನಮ್ಮ ಹುಡುಗಿ ನನ್ನನ್ನು ಕೇಳಿದಳು: ‘ಅತ್ತೆ, ನಾನು ಅಷ್ಟೊಂದು ಕೆಟ್ಟದಾಗಿ ಓಡಿಸ್ತಿದ್ನಾ?’

ಮನಶ್ಶಾಸ್ತ್ರಜ್ಞರು ಇದನ್ನು ಗಮನಿಸದೆ ಬಿಟ್ಟಿಲ್ಲ. ತನ್ನ ಗುಂಪಿನ ಬಗ್ಗೆ ಚಾಲ್ತಿಯಲ್ಲಿರುವ ಕೀಳು ಅಭಿಪ್ರಾಯವನ್ನು ತಾನೇ ನಿಜ ಮಾಡಿಬಿಡುತ್ತೇನೋ ಎಂಬ ಆತಂಕ ಮನುಷ್ಯನ ಕೆಲಸವನ್ನು ಕೆಡಿಸಬಲ್ಲದೆಂದು ಅಮೆರಿಕದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ವಾದಿಸಿದ್ದರು. ಅದನ್ನು ಗಾಡಿ ಓಡಿಸುವುದಕ್ಕೆ ಅನ್ವಯಿಸಿ ನೋಡಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು. ಅವರ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಕೃತಕ ರಸ್ತೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರದಲ್ಲಿ ಹೆಂಗಸರನ್ನು ಕೂರಿಸಿ, ಅವರಲ್ಲಿ ಕೆಲವರಿಗೆ ಗಂಡಸರು ಹೆಂಗಸರಿಗಿಂತ ಚೆನ್ನಾಗಿ ಓಡಿಸುವುದೇಕೆಂದು ಪತ್ತೆಹಚ್ಚುತ್ತಿದ್ದೇವೆ ಎಂದು ಮೊದಲೇ ಹೇಳಿದರು, ಉಳಿದವರಿಗೆ ಹೇಳಲಿಲ್ಲ. ಆ ಮಾತು ಕೇಳಿಸಿಕೊಂಡವರು, ಪರದೆಯಲ್ಲಿ ಅಡ್ಡ ನುಗ್ಗಿದ ಪಾದಚಾರಿಗಳಿಗೆ ಗುದ್ದಿದ ಪ್ರಮಾಣ ಕೇಳಿಸಿಕೊಳ್ಳದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಇಂಥ ಆತಂಕದ ಪರಿಣಾಮ ಎಷ್ಟು ದೊಡ್ಡದೆಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ, ಗಣಿತದ ಪರೀಕ್ಷೆಗಳ ವಿಷಯದಲ್ಲಿ ದೊಡ್ಡ ಪ್ರಮಾಣದಲ್ಲಿ ಮತ್ತೆ ನಡೆಸಿ ನೋಡಿದಾಗ ಅದು ಮೊದಲು ಹೇಳಿದಷ್ಟು ಕಾಣಿಸಿಲ್ಲ. ಆದ್ದರಿಂದ ಒಂದೇ ಪ್ರಯೋಗವನ್ನು ಹಿಡಿದು ತೀರ್ಪು ಕೊಡುವ ಉತ್ಸಾಹ ನನಗಿಲ್ಲ. ಆದರೆ ಪಾದಚಾರಿ ಅಡ್ಡ ಬರುವ ಆ ಅರೆಕ್ಷಣದಲ್ಲಿ ತಲೆಯೊಳಗೆ ಇನ್ನೊಂದು ಮಾತು ಓಡುತ್ತಿದ್ದರೆ ಏನಾಗುತ್ತದೆಂದು ಭದ್ರಮ್ಮ ವೃತ್ತವನ್ನು ಸಂಜೆ ಆರು ಗಂಟೆಗೆ ದಾಟುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಅದೇ 2008ರಲ್ಲಿ ಮರಿಯಾನೆ ಶ್ಮಿಡ್ ಮಾಸ್ಟ್ ಮತ್ತು ಸಂಗಡಿಗರು ಯುವಕರ ಮೇಲೆ ನಡೆಸಿದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಇದರ ಬಗ್ಗೆ ಮಾತಾಡುವವರು ಕಡಿಮೆ, ನನಗಂತೂ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಯಂತ್ರದ ಮುಂದೆ ಕುಳಿತು ಓಡಿಸುತ್ತಿದ್ದ ಹುಡುಗರಿಗೆ ರೇಡಿಯೋದಲ್ಲಿ ಕೆಲವು ಪದಗಳನ್ನು ಕೇಳಿಸಲಾಯಿತು. ಕೆಲವರಿಗೆ ಗಂಡಸುತನವನ್ನು ಸೂಚಿಸುವ ಪದಗಳು, ಕೆಲವರಿಗೆ ಹೆಣ್ಣುತನದವು, ಕೆಲವರಿಗೆ ಎರಡೂ ಅಲ್ಲದವು. ಗಂಡಸುತನದ ಪದಗಳು ಕಿವಿಗೆ ಬಿದ್ದವರು ಉಳಿದವರಿಗಿಂತ ವೇಗವಾಗಿ ಓಡಿಸಿದರು. ಬರೀ ರೇಡಿಯೋದ ಪದಗಳೇ ಹೀಗೆ ಮಾಡುವುದಾದರೆ, ಪಕ್ಕದಲ್ಲಿ ಕುಳಿತ ಗುರುವೇ ‘ಹೆಣ್ಮಕ್ಕಳ ಥರ ಹೆದರ್ತೀಯಲ್ಲೋ’ ಎಂದದ್ದು ಆ ಹುಡುಗನ ಪಾದದಲ್ಲಿ ಎಷ್ಟು ವರ್ಷ ಉಳಿದೀತು?

ಗಾಡಿ ನಿಲ್ಲಿಸುವ ವಿಷಯಕ್ಕೆ ಬಂದರೆ ಈ ನಂಬಿಕೆಗೆ ಸ್ವಲ್ಪ ಆಧಾರವೂ ಸಿಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಜರ್ಮನಿಯ ಬೋಖುಮ್ ನಗರದ ವಿಶ್ವವಿದ್ಯಾಲಯದವರು ಹೊಸಬರನ್ನೂ ಪಳಗಿದವರನ್ನೂ ಸೇರಿಸಿ 65 ಮಂದಿಯಿಂದ ಪಾರ್ಕಿಂಗ್ ಮಾಡಿಸಿ ಅಳೆದಾಗ, ಗಂಡಸರು ಹೆಚ್ಚು ಚೊಕ್ಕವಾಗಿ, ಅದಕ್ಕಿಂತ ಮುಖ್ಯವಾಗಿ ಹೆಚ್ಚು ಬೇಗ ನಿಲ್ಲಿಸಿದ್ದು ಕಂಡುಬಂತು. ನಮ್ಮ ಊರಿನ ಹಾಸ್ಯಗಾರರು ಇಷ್ಟು ಕೇಳಿ ಎದ್ದು ಹೋಗುತ್ತಾರೆ. ಮುಂದಿನದನ್ನೂ ಕೇಳಬೇಕು. ಹೊಸದಾಗಿ ಕಲಿತವರಲ್ಲಿ, ವಸ್ತುವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಸಾಮರ್ಥ್ಯಕ್ಕೂ ತನ್ನ ಬಗ್ಗೆ ತನಗಿರುವ ಅಂದಾಜಿಗೂ ಪಾರ್ಕಿಂಗಿಗೂ ಸಂಬಂಧವಿತ್ತು. ಅನುಭವವಿರುವವರಲ್ಲಿ ಮೊದಲನೆಯದು ಬಿದ್ದುಹೋಗಿ, ತಾನು ಚೆನ್ನಾಗಿ ನಿಲ್ಲಿಸಬಲ್ಲೆ ಅಥವಾ ನಿಲ್ಲಿಸಲಾರೆ ಎಂಬ ನಂಬಿಕೆಯೊಂದೇ ಉಳಿದಿತ್ತು. ವರ್ಷಗಳ ಕಾಲ ಗಂಡಸರಿಗೆ ಒಂದು ಬಗೆಯ, ಹೆಂಗಸರಿಗೆ ಇನ್ನೊಂದು ಬಗೆಯ ಮಾತುಗಳು ಸಿಗುವುದರಿಂದ ಹೀಗಾಗಿರಬಹುದೆಂದು ಸಂಶೋಧಕರು ಊಹಿಸಿದರು. ಅರವತ್ತೈದು ಜನರ ಲೆಕ್ಕ ಚಿಕ್ಕದೇ. ಆದರೂ ನಮ್ಮ ಕಲ್ಯಾಣಮಂಟಪಗಳ ಮುಂದೆ ನಿಂತು ನೋಡಿದರೆ ಆ ಊಹೆ ಹಾರಿಕೆಯದೆನಿಸುವುದಿಲ್ಲ.

ಮದುವೆಯ ಸೀಸನ್ನಿನಲ್ಲಿ ಹೆಂಗಸೊಬ್ಬಳು ರಿವರ್ಸ್ ಗೇರ್ ಹಾಕಿದ ತಕ್ಷಣ ಮಂಟಪದ ಸೆಕ್ಯೂರಿಟಿ, ಎಳನೀರು ಮಾರುವವನು, ಬೀಡಿ ಸೇದುತ್ತ ನಿಂತ ವರನ ಕಡೆಯ ಚಿಕ್ಕಪ್ಪ, ಮೂವರೂ ಕಾರಿನ ಹಿಂದೆ ಪ್ರತ್ಯಕ್ಷರಾಗುತ್ತಾರೆ. ಒಬ್ಬರು ‘ಲೆಫ್ಟ್, ಫುಲ್ ಲೆಫ್ಟ್’ ಎನ್ನುತ್ತಾರೆ, ಇನ್ನೊಬ್ಬರು ‘ಸ್ಟ್ರೇಟ್ ಬರ್ಲಿ, ಬರ್ಲಿ’ ಎನ್ನುತ್ತಾರೆ, ಮೂರನೆಯವರು ಕಾರಿನ ಡಿಕ್ಕಿಗೆ ಅಂಗೈಯಿಂದ ಬಡಿಯುತ್ತಾರೆ. ಕನ್ನಡಿಯಲ್ಲಿ ಜಾಗ ಕಾಣಬೇಕಾದ ಕಡೆ ಚಿಕ್ಕಪ್ಪನವರ ಶಲ್ಯ ಕಾಣುತ್ತದೆ. ಇದರ ಮಧ್ಯೆ ಅವಳು ಒಂದು ಸಲಕ್ಕೆ ನಿಲ್ಲಿಸಲಾರದೆ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂದರೆ, ‘ಕೊಡಮ್ಮ, ನಾನು ಹಾಕ್ಕೊಡ್ತೀನಿ’ ಎಂದು ಯಾರೋ ಕೀಲಿ ಕೇಳುತ್ತಾರೆ. ಮೂರು ಸಲ ಹಿಂದೆ ಮುಂದೆ ಮಾಡುವ ಗಂಡಸರನ್ನು ನಾನು ಎಷ್ಟೋ ನೋಡಿದ್ದೇನೆ, ಅವರ ಸುತ್ತ ಯಾರೂ ನೆರೆಯುವುದಿಲ್ಲ. ಸಹಾಯ ಮಾಡಿದವರ ಮನಸ್ಸು ಒಳ್ಳೆಯದೇ ಇರುತ್ತದೆ, ಅದೇ ತೊಂದರೆ. ಬೈದರೆ ತಿರುಗಿ ಬೈಯಬಹುದು.

ಮನೆಯೊಳಗಿನ ಸಹಾಯವೂ ಇದೇ ಜಾತಿಯದು. ನನ್ನ ಅಣ್ಣ ನನ್ನ ಪಕ್ಕದ ಸೀಟಿನಲ್ಲಿ ಕುಳಿತರೆ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಾನೆ, ಬಾಗಿಲ ಮೇಲಿನ ಹಿಡಿಯನ್ನು ಕ್ಯಾತ್ಸಂದ್ರ ದಾಟುವವರೆಗೂ ಬಿಡುವುದಿಲ್ಲ, ಮುಂದಿನ ಬಸ್ಸಿನ ಬ್ರೇಕ್ ದೀಪ ಹೊತ್ತಿದ ಕೂಡಲೇ ಹಲ್ಲಿನ ಸಂದಿಯಿಂದ ‘ಸ್ಸ್’ ಎಂದು ಗಾಳಿ ಎಳೆದುಕೊಳ್ಳುತ್ತಾನೆ. ಇದೇ ಅಣ್ಣ ತನ್ನ ಗೆಳೆಯರ ಕಾರಿನಲ್ಲಿ ಶಿರಾ ಕಡೆಗೆ ಹೋಗುವಾಗ, ಗೆಳೆಯ ನೂರಿಪ್ಪತ್ತರಲ್ಲಿ ಹೊಡೆಯುತ್ತಿದ್ದರೂ, ಹಿಂದಕ್ಕೊರಗಿ ನಿದ್ದೆ ಮಾಡುತ್ತಾನೆಂದು ಅತ್ತಿಗೆ ಹೇಳುತ್ತಾರೆ. ಅತ್ತಿಗೆಯವರಿಗೂ ಲೈಸೆನ್ಸ್ ಇದೆ. ಅದು ಬೀರುವಿನಲ್ಲಿ ಪಡಿತರ ಚೀಟಿಯ ಜೊತೆ ಭದ್ರವಾಗಿದೆ. ಮದುವೆಯಾದ ಹೊಸದರಲ್ಲಿ ಓಡಿಸುತ್ತಿದ್ದರಂತೆ, ಆ ‘ಸ್ಸ್’ ತಡೆಯಲಾರದೆ ಬಿಟ್ಟುಬಿಟ್ಟರಂತೆ. ಅಣ್ಣ ಕಾರಿಗೆ ಪ್ರತಿದಿನ ಕೂರುತ್ತಾನೆ, ಅತ್ತಿಗೆ ಕೂರುವುದಿಲ್ಲ. ಹೀಗೆ ಹಲವು ವರ್ಷ ಕಳೆದ ಮೇಲೆ ಅಣ್ಣನ ಕೈ ಪಳಗಿರುವುದಕ್ಕೂ ಅತ್ತಿಗೆಯ ಕೈ ನಡುಗುವುದಕ್ಕೂ ಗಂಡು ಹೆಣ್ಣೆಂಬುದು ಕಾರಣವಾಗಿ ಕಾಣಿಸತೊಡಗುತ್ತದೆ. ಕಾರು ಒಂದೇ ಇರುವ ಮನೆಗಳಲ್ಲಿ ಕೀಲಿ ಯಾರ ಜೇಬಿನಲ್ಲಿರುತ್ತದೆ ಎಂಬುದನ್ನು ಕೇಳದೆ ಯಾರು ಚೆನ್ನಾಗಿ ಓಡಿಸುತ್ತಾರೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹೆಂಗಸರಲ್ಲಿ ತಪ್ಪಿಲ್ಲವೇ ಎಂದರೆ, ಖಂಡಿತ ಇದೆ. ಸ್ಕೂಟಿಯಲ್ಲಿ ಎರಡೂ ಕಾಲನ್ನು ನೆಲಕ್ಕೆ ಇಳಿಬಿಟ್ಟು ಎಳೆದುಕೊಂಡು ಹೋಗುವವರಿದ್ದಾರೆ, ಇಂಡಿಕೇಟರ್ ಹಾಕಿ ಆರಿಸುವುದನ್ನೇ ಮರೆಯುವವರಿದ್ದಾರೆ, ಕನ್ನಡಿಯನ್ನು ಒಳಕ್ಕೆ ಮಡಚಿಕೊಂಡೇ ಎಂ.ಜಿ. ರಸ್ತೆ ಸುತ್ತುವವರಿದ್ದಾರೆ. ಕಾಲು ಇಳಿಬಿಡುವುದು ನೋಡಿದವರಿಗೆ ತಮಾಷೆ. ಹಿಂದಿನಿಂದ ಬಂದವನು ಸಂದಿಯಲ್ಲಿ ನುಗ್ಗಿ ಮುಂದಿನ ಚಕ್ರಕ್ಕೆ ಅಡ್ಡ ಹಾಕಿದ ಅನುಭವ ಒಮ್ಮೆ ಆದವರ ಕಾಲು ತಾನಾಗಿಯೇ ಇಳಿಯುತ್ತದೆ. ಕಾರಿನಲ್ಲಿ ಸೀಟನ್ನು ಸ್ಟೀರಿಂಗಿಗೆ ತಾಗುವಷ್ಟು ಮುಂದಕ್ಕೆಳೆದುಕೊಂಡು ಕೂರುವ ಹೆಂಗಸರನ್ನೂ ನೋಡಿ ನಗುತ್ತಾರೆ. ಅಗ್ಗದ ಮಾಡೆಲುಗಳಲ್ಲಿ ಸೀಟನ್ನು ಎತ್ತರಿಸುವ ವ್ಯವಸ್ಥೆ ಇರುವುದಿಲ್ಲ. ಐದಡಿಯ ಹೆಂಗಸಿಗೆ ಕ್ಲಚ್ಚು ಪೂರ್ತಿ ಎಟುಕಬೇಕು, ಬಾನೆಟ್ಟಿನ ಆಚೆ ರಸ್ತೆಯೂ ಕಾಣಬೇಕು ಎಂದರೆ ಬೇರೆ ದಾರಿಯಿಲ್ಲ. ನಾನು ಕೂಡ ದಪ್ಪನೆಯ ದಿಂಬೊಂದನ್ನು ಹಾಕಿಕೊಂಡೇ ಓಡಿಸುವುದು.

ಇನ್ನು ಗಂಡಸರ ನಡವಳಿಕೆ. ಹೆಂಗಸೊಬ್ಬಳು ತನ್ನನ್ನು ಹಿಂದೆ ಹಾಕಿ ಹೋದಳೆಂಬುದನ್ನು ಸಹಿಸಲಾಗದೆ, ಅದುವರೆಗೆ ಫೋನ್ ನೋಡುತ್ತ ತೆವಳುತ್ತಿದ್ದ ಬೈಕಿನವನು ಏಕಾಏಕಿ ಎಚ್ಚೆತ್ತು, ಎಡದಿಂದ ನುಗ್ಗಿ, ಮುಂದೆ ಹೋಗಿ, ಮತ್ತೆ ತೆವಳತೊಡಗುವುದನ್ನು ಗುಬ್ಬಿ ರಸ್ತೆಯಲ್ಲಿ ಆಗಾಗ ನೋಡುತ್ತೇನೆ. ಅವನಿಗೆ ಎಲ್ಲಿಗೂ ಬೇಗ ಹೋಗಬೇಕಾಗಿರುವುದಿಲ್ಲ. ವಿಚಿತ್ರವೆಂದರೆ, ಅದೇ ರಸ್ತೆಯಲ್ಲಿ ಬೆಳಗಿನ ಜಾವ ಟಿವಿಎಸ್ ಎಕ್ಸೆಲ್ ಗಾಡಿಗೆ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಡೇರಿಗೆ ಹೋಗುವ ಹೆಂಗಸರನ್ನು ಯಾರೂ ಕೆಣಕುವುದಿಲ್ಲ, ಅವರ ಚಾಲನೆಯ ಬಗ್ಗೆ ಯಾರೂ ಜೋಕು ಹೇಳುವುದಿಲ್ಲ. ತುಂಬಿದ ಕ್ಯಾನು ತುಳುಕದಂತೆ ಹಳ್ಳಿಯ ರಸ್ತೆಯ ಗುಂಡಿಗಳನ್ನು ತಪ್ಪಿಸುವುದು ಕಾರು ಓಡಿಸುವುದಕ್ಕಿಂತ ಸುಲಭವೇನಲ್ಲ. ಅವರು ದುಡಿಮೆಗೆ ಹೋಗುತ್ತಿದ್ದಾರೆಂದು ಒಪ್ಪಿಕೊಂಡ ಕಣ್ಣಿಗೆ ಚಾಲಕಿ ಕಾಣುವುದಿಲ್ಲ. ಕಾರಿನಲ್ಲಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೋಗುವವಳು ಕಾಣುತ್ತಾಳೆ. ಹಾಗಾಗಿ ಈ ನಂಬಿಕೆ ಇರುವುದು ಕೌಶಲದ ಬಗ್ಗೆಯೇ ಎಂದು ನನಗೆ ಪೂರ್ತಿ ಅನಿಸುವುದಿಲ್ಲ.

ಅಂಕಿಅಂಶಗಳು ಈ ನಂಬಿಕೆಯ ಪರವಾಗಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 86 ಮಂದಿ ಗಂಡಸರು. ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಬಂದವು. ನಮ್ಮಲ್ಲಿ ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುವವರೂ ಗಂಡಸರೇ ಆದ್ದರಿಂದ ಈ ಅಂಕಿಯನ್ನು ಹಿಡಿದು ಹೆಂಗಸರೇ ಮೇಲೆಂದು ಹೇಳುವುದು ಇನ್ನೊಂದು ಬಗೆಯ ಅವಸರವಾಗುತ್ತದೆ. ಓಡಿಸಿದ ದೂರಕ್ಕೆ ತಾಳೆ ಹಾಕಿ ನೋಡುವ ಅಮೆರಿಕದಂಥ ದೇಶಗಳಲ್ಲಿ, ಸಣ್ಣಪುಟ್ಟ ಡಿಕ್ಕಿಗಳಲ್ಲಿ ಹೆಂಗಸರು ಹಿಂದೆ ಬಿದ್ದಿಲ್ಲ, ಕೆಲವು ಲೆಕ್ಕಗಳಲ್ಲಿ ಮುಂದೆಯೇ ಇದ್ದಾರೆ. ಪ್ರಾಣ ಹೋಗುವಂಥ ಅಪಘಾತಗಳಲ್ಲಿ ಮಾತ್ರ ಗಂಡಸರು ಸ್ಪಷ್ಟವಾಗಿ ಮುಂದಿದ್ದಾರೆ. ಜೋಕುಗಳು ಹುಟ್ಟುವುದು ಗೇಟಿಗೆ ಬಂಪರ್ ತಾಗಿಸಿದ ಕತೆಯಿಂದ, ರಾಷ್ಟ್ರೀಯ ಹೆದ್ದಾರಿಯ ಡಿವೈಡರ್ ಹಾರಿದ ಕತೆಯಿಂದ ಯಾರೂ ಜೋಕು ಮಾಡುವುದಿಲ್ಲ.

ಯಾರು ಹೆಚ್ಚು ಅಪಾಯಕಾರಿ ಎಂಬುದನ್ನು ಭಾವನೆಯಿಲ್ಲದೆ ಲೆಕ್ಕ ಹಾಕುವವರು ವಿಮಾ ಕಂಪನಿಗಳವರು. ಯುರೋಪಿನ ಹಲವು ದೇಶಗಳಲ್ಲಿ ಅವರು ಎಳೆಯ ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಕಂತು ಹಾಕುತ್ತಿದ್ದರು. ಅದು ಲಿಂಗದ ಆಧಾರದ ಮೇಲಿನ ತಾರತಮ್ಯವೆಂದು ಯುರೋಪಿನ ನ್ಯಾಯಾಲಯ 2011ರ ಮಾರ್ಚ್‌ನಲ್ಲಿ ಹೇಳಿ, 2012ರ ಡಿಸೆಂಬರ್ 21ರಿಂದ ಎಲ್ಲರಿಗೂ ಒಂದೇ ದರವಿರಬೇಕೆಂದು ಮಾಡಿತು. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ ದರ ಎಂಜಿನ್ನಿನ ಸಿಸಿ ನೋಡಿ ನಿಗದಿಯಾಗುತ್ತದೆಯೇ ಹೊರತು ಓಡಿಸುವವರು ಯಾರೆಂದು ನೋಡಿ ಅಲ್ಲ.

ನಂಬಿಕೆ ಕರುಣೆಯ ವೇಷದಲ್ಲಿ ಬಂದಾಗ ಆಗುವ ಹಾನಿ ಹೆಲ್ಮೆಟ್ಟಿನ ವಿಷಯದಲ್ಲಿ ಎದ್ದು ಕಾಣುತ್ತದೆ. ತಪಾಸಣೆ ನಡೆಯುವ ಕಡೆ ಹೆಲ್ಮೆಟ್ ಇಲ್ಲದ ಹುಡುಗನನ್ನು ತಡೆದು, ಅವನ ಹಿಂದೆಯೇ ಬಂದ ಹೆಲ್ಮೆಟ್ ಇಲ್ಲದ ಹೆಂಗಸನ್ನು ‘ಲೇಡೀಸ್, ಹೋಗ್ಲಿ ಬಿಡ್ರಿ’ ಎಂದು ಕೈಬೀಸಿ ಕಳಿಸುವುದು ಎಲ್ಲ ಊರುಗಳಲ್ಲೂ ನಡೆಯುವ ಸಂಗತಿ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಲ್ಲೇ ಜಾರಿಯಾಗಿದೆ. ಆದರೂ ಗಂಡ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಹೆಂಡತಿ ಮಲ್ಲಿಗೆ ಮುಡಿದು ಒಂದೇ ಕಡೆಗೆ ಕಾಲು ಹಾಕಿ ಕುಳಿತು, ಮಡಿಲಲ್ಲಿ ಮಗು ಮಲಗಿಸಿಕೊಂಡು ಸಿದ್ಧಗಂಗೆಯ ಜಾತ್ರೆಗೆ ಹೋಗುವ ದೃಶ್ಯ ನಮಗೆ ಅಸಹಜವೆನಿಸುವುದಿಲ್ಲ. ಹೆಲ್ಮೆಟ್ ಇಲ್ಲದೆ 2022ರಲ್ಲಿ ಸತ್ತ ಐವತ್ತು ಸಾವಿರ ಮಂದಿಯಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ದಂಡದಿಂದ ಪಾರು ಮಾಡಿದ್ದು ದಯೆ ಎಂದು ನಾವು ತಿಳಿದಿದ್ದೇವೆ. ಬೈಕಿನ ಹಿಂದಿನ ಚಕ್ರವನ್ನು ಅರ್ಧವಾದರೂ ಮುಚ್ಚುವ, ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬರೆದಿದೆ. ಸಾರಿ ಗಾರ್ಡ್ ಎಂದು ನಾವು ಕರೆಯುವುದು ಅದನ್ನೇ. ಒಳ್ಳೆಯ ನಿಯಮ, ಎಷ್ಟೋ ಜೀವ ಉಳಿಸಿದೆ, ಹೊಸ ಬೈಕಿನ ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸುವ ಹುಡುಗರಿಗೆ ಇದನ್ನು ಹೇಳಬೇಕು. ಆದರೆ ಸೀರೆಯುಟ್ಟವಳು ಮುಂದೆ ಕುಳಿತು ಓಡಿಸುತ್ತಾಳೆಂಬ ಕಲ್ಪನೆ ಆ ನಿಯಮ ಬರೆದವರಿಗೆ ಇದ್ದಂತೆ ಕಾಣುವುದಿಲ್ಲ.

ಡಿಕ್ಕಿಯಾದ ಮೇಲಿನ ಪಂಚಾಯಿತಿಯೂ ಇದೇ ನಂಬಿಕೆಯ ಮೇಲೆ ನಡೆಯುತ್ತದೆ. ಶಿರಾ ಗೇಟಿನ ಬಳಿ ಒಮ್ಮೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗೂಡ್ಸ್ ಆಟೋ ಒಂದು ತಾಗಿತು. ನಾನು ನಿಂತಿದ್ದೆ ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೂ ಸೇರಿದ ಜನ ಮೊದಲು ಕೇಳಿದ್ದು, ‘ಸಡನ್ನಾಗಿ ಬ್ರೇಕ್ ಹಾಕಿದ್ರಾ ಮೇಡಂ?’ ಎಂದು, ಎರಡನೆಯದಾಗಿ ಕೇಳಿದ್ದು, ‘ಯಜಮಾನ್ರಿಗೆ ಫೋನ್ ಮಾಡಿ, ಅವ್ರು ಬರ್ಲಿ, ಮಾತಾಡಣ’ ಎಂದು. ಆಟೋದ ಹುಡುಗ ಮಾತ್ರ ತಲೆ ತಗ್ಗಿಸಿಕೊಂಡು, ‘ನಂದೇ ತಪ್ಪು ಅಕ್ಕ, ಲೈಟ್ ಒಡ್ದಿದೆ, ಹಾಕ್ಸಿಕೊಡ್ತೀನಿ’ ಎಂದ. ಅವನು ಒಪ್ಪಿಕೊಂಡದ್ದು ಸುತ್ತಲಿನ ಕೆಲವರಿಗೆ ಹಿಡಿಸಲಿಲ್ಲ.

ಬಸ್ಸು ಓಡಿಸುವ ಹೆಂಗಸರ ಬಗ್ಗೆ ಪತ್ರಿಕೆಯಲ್ಲಿ ಬಂದರೆ ಎಲ್ಲರೂ ಮೆಚ್ಚುತ್ತೇವೆ. ಕನ್ಯಾಕುಮಾರಿಯ ವಸಂತಕುಮಾರಿ 1993ರಲ್ಲೇ ತಮಿಳುನಾಡು ಸರ್ಕಾರಿ ಬಸ್ಸಿನ ಚಾಲಕಿಯಾದರು, ಬೆಂಗಳೂರಿನ ಬಿಎಂಟಿಸಿಯಲ್ಲಿ ಪ್ರೇಮಾ ರಾಮಪ್ಪ ನಡಪಟ್ಟಿ ಮೊದಲಿಗರಾದರು. ಮೆಚ್ಚುಗೆ ನ್ಯಾಯವೇ, ಆದರೆ ಸಾಧಕಿಯನ್ನು ಕೊಂಡಾಡಿ ಅದೇ ಸಂಜೆ ಮುಂದಿನ ಕಾರಿನೊಳಗೆ ಇಣುಕುವುದಕ್ಕೆ ನಮಗೆ ಅಡ್ಡಿಯಾಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳು ಹೆಂಗಸರಿಂದ ತುಂಬಿವೆ, ಟಿಕೆಟ್ ಕೊಡುವವರಲ್ಲೂ ಹೆಂಗಸರಿದ್ದಾರೆ, ಗೇರ್ ರಾಡಿನ ಪಕ್ಕದ ಆ ಒಂದು ಸೀಟಿನಲ್ಲಿ ಮಾತ್ರ ತುಮಕೂರಿನಿಂದ ಹೊರಡುವ ಬಸ್ಸುಗಳಲ್ಲಿ ನನಗಿನ್ನೂ ಹೆಂಗಸು ಕಂಡಿಲ್ಲ.

ಹುಡುಗರನ್ನು ಬೆಳೆಸುವಲ್ಲಿ ನಾವು ತಾಯಂದಿರು, ಅತ್ತೆಯರು ಮಾಡುವುದನ್ನೂ ಇಲ್ಲಿ ಹೇಳಬೇಕು. ಹದಿನೈದರ ಹುಡುಗ ಅಪ್ಪನ ಬೈಕನ್ನು ಹಾಲಿನ ಅಂಗಡಿಯವರೆಗೆ ಒಯ್ದರೆ ಮನೆಯಲ್ಲಿ ಹೆಮ್ಮೆ. ಹದಿನೆಂಟು ದಾಟಿದ ಅವನ ಅಕ್ಕ ಸ್ಕೂಟಿ ಕೇಳಿದರೆ ‘ಟ್ರಾಫಿಕ್ ಜಾಸ್ತಿ, ಬೇಡ’ ಎಂಬ ಉತ್ತರ; ಕೊಡಿಸಿದರೂ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಸಾಕೆನ್ನುತ್ತೇವೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ ಎಂದು 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ನಗು ಬಂತು. ಕಾಲೇಜಿನ ಹೊರಗೆ ನಿಂತಿದ್ದ ಬೈಕುಗಳಲ್ಲಿ ಕೆಲವು ಆ ಬೆಂಚಿನವೇ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ಓಡಿಸುವ ಈ ಮಕ್ಕಳಿಗೆ ಕಾನೂನಿನ ಭಯಕ್ಕಿಂತ, ನಿಧಾನವಾಗಿ ಹೋದರೆ ಗೆಳೆಯರು ಏನೆಂದು ಕರೆಯುತ್ತಾರೆಂಬ ಭಯವೇ ದೊಡ್ಡದು. ಅವರು ಕರೆಯುವುದು ಹೆಣ್ಣಿನ ಹೆಸರಿನಿಂದಲೇ.

ಡ್ರೈವಿಂಗ್ ಸ್ಕೂಲಿನ ಹಿರಿಯರೊಂದಿಗೆ ನಾನು ಈ ಬಗ್ಗೆ ಮಾತಾಡಿದೆ. ಜಗಳವಾಗಲಿಲ್ಲ. ಅವರು ಕೇಳಿಸಿಕೊಂಡು, ‘ಮೇಡಂ, ಹುಡುಗಿಗೆ ಏನಾದ್ರೂ ಆದ್ರೆ ಮನೆಯವ್ರು ನನ್ನನ್ನ ಬಿಡಲ್ಲ, ಹುಡುಗನಿಗೆ ಆದ್ರೆ ಕಲಿಯೋವಾಗ ಆಗುತ್ತೆ ಅಂತಾರೆ’ ಎಂದರು. ಅವರ ಮಾತಿನಲ್ಲಿ ಸತ್ಯವಿದೆ, ಅವರ ಪಾದವನ್ನು ಆ ಪೆಡಲಿನ ಮೇಲೆ ಇರಿಸಿದ್ದು ನಮ್ಮಂಥ ಮನೆಯವರೇ. ಮುಂದಿನ ಪಾಠದಲ್ಲಿ ಅವರು ತೊಡೆಯ ಮೇಲೆ ಕೈ ಕಟ್ಟಿಕೊಂಡು ಕುಳಿತಿದ್ದರು, ಪೂರ್ತಿ ಸಾಧ್ಯವಾಗಲಿಲ್ಲ, ಬಟವಾಡಿಯ ತಿರುವಿನಲ್ಲಿ ಒಂದು ಕೈ ಬಿಡಿಸಿಕೊಂಡು ಮುಂದೆ ಬಂದು ಮತ್ತೆ ಹಿಂದಕ್ಕೆ ಹೋಯಿತು. ನಮ್ಮ ಹುಡುಗಿ ಎಂಜಿನ್ ಒಂದೆರಡು ಸಲ ಆಫ್ ಮಾಡಿದಳು, ಹಿಂದಿನವರು ಹಾರ್ನ್ ಒತ್ತಿದರು, ಅವಳೇ ಮತ್ತೆ ಸ್ಟಾರ್ಟ್ ಮಾಡಿಕೊಂಡು ಹೊರಟಳು.

ಭಾನುವಾರ ನಮ್ಮ ಕಾರಿನಲ್ಲಿ ಅವಳೇ ಗುಬ್ಬಿಯವರೆಗೆ ಓಡಿಸಿಕೊಂಡು ಹೋಗುವುದೆಂದು ತೀರ್ಮಾನವಾಗಿದೆ. ಎಲ್ ಬೋರ್ಡ್ ಅಂಟಿಸಿಯಾಗಿದೆ, ಲೈಸೆನ್ಸ್ ಇರುವ ನಾನು ಪಕ್ಕದಲ್ಲಿ ಕೂರುತ್ತೇನೆ, ಅತ್ತಿಗೆಯವರೂ ಬರುತ್ತೇನೆಂದಿದ್ದಾರೆ. ಅಣ್ಣನೂ ಬರುತ್ತಾನಂತೆ. ಹಿಂದಿನ ಸೀಟಿನಲ್ಲಿ ಕೂರುವುದಾದರೆ, ಅದೂ ನನ್ನ ಹಿಂದೆ ಅಲ್ಲ, ಮಗಳ ಬೆನ್ನಿಗೆ, ಅವಳಿಗೆ ನಿನ್ನ ಕಾಲು ಕಾಣದ ಕಡೆ ಕೂರುವುದಾದರೆ ಬಾ ಎಂದಿದ್ದೇವೆ. ಯೋಚನೆ ಮಾಡಿ ಹೇಳುತ್ತೇನೆಂದಿದ್ದಾನೆ.